ವಿದ್ಯಾರ್ಥಿಗಳ ನೆಲೆಗಾಗಿ ಜೋಳಿಗೆ ಹಿಡಿದ ಮಹಾಮನ ಮಾಲವೀಯರು

ವಿದ್ಯೆಗೆ ಗುರುವು ಬೇಕು, ಗ್ರಂಥವು ಬೇಕು ಎಂಬುದನ್ನು ಎಲ್ಲರೂ ಬಲ್ಲರು. ವಿದ್ಯೆಯನ್ನು ಅರಸಿ ಊರು ಬಿಟ್ಟು ಬಂದ ಬಾಲಕನಿಗೆ ತಲೆಯ ಮೇಲೊಂದು ಸೂರು ಬೇಕು, ಹೊತ್ತಿಗೊಂದು ತುತ್ತು ಅನ್ನ ಬೇಕು ಎಂಬುದನ್ನು ನೆನೆಯುವವರು ಕೆಲವರೇ. ಕನ್ನಡ ನಾಡಿನ ಮಠಗಳು ಪ್ರಸಾದನಿಲಯಗಳನ್ನು ತೆರೆದು, ಮನೆಮನೆಯ ಕಾಳುಕಡ್ಡಿಯನ್ನು ಕೂಡಿಸಿ, ಸಾವಿರಾರು ಮಕ್ಕಳನ್ನು ಓದಿಸಿದ ಸಂಗತಿಯು ಇಲ್ಲಿಯ ಗೃಹಸ್ಥರಿಗೆ ಹೊಸದಲ್ಲ. ಆ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಹಿರಿಯರು ಅನೇಕ ಮನೆತನಗಳಲ್ಲಿ ಆಗಿಹೋಗಿದ್ದಾರೆ. ಇತ್ತ ಕನ್ನಡ ನಾಡಿನಲ್ಲಿ ಈ ಕಾರ್ಯವು ಬೇರೂರುತ್ತಿದ್ದ ಕಾಲಕ್ಕೇ ಅತ್ತ ಗಂಗಾತೀರದಲ್ಲಿ ಒಬ್ಬ ಮಹನೀಯರು ಅದೇ ಚಿಂತೆಯನ್ನು ಹೊತ್ತು ಮನೆಮನೆಯ ಬಾಗಿಲಲ್ಲಿ ನಿಂತರು. ಮೊದಲು ಒಂದು ವಿದ್ಯಾರ್ಥಿನಿಲಯವನ್ನು ಕಟ್ಟಿದರು. ಬಳಿಕ ವಿದ್ಯಾರ್ಥಿನಿಲಯಗಳದೇ ಒಂದು ಊರನ್ನು ಕಟ್ಟಿದರು. ಅವರೇ ಲೋಕವು ಮಹಾಮನ ಎಂದು ಕರೆದ ಪಂಡಿತ ಮದನಮೋಹನ ಮಾಲವೀಯರು.

ಮಾಲವೀಯರು 1861ನೆಯ ಇಸವಿಯ ಡಿಸೆಂಬರ್ 25ರಂದು ಪ್ರಯಾಗದಲ್ಲಿ ಜನಿಸಿದರು. ತಂದೆ ವ್ರಜನಾಥರು, ತಾಯಿ ಮೂನಾದೇವಿ. ಅವರ ಪೂರ್ವಜರು ಮಾಳವ ದೇಶದಿಂದ ಬಂದವರಾದುದರಿಂದ ಮನೆತನಕ್ಕೆ ಮಾಲವೀಯ ಎಂಬ ಹೆಸರು ನಿಂತಿತು. ವ್ರಜನಾಥರು ಸಂಸ್ಕೃತದ ವಿದ್ವಾಂಸರು, ಭಾಗವತದ ಕಥೆಯನ್ನು ಸೊಗಸಾಗಿ ಹೇಳುವವರು. ಕಥೆಯ ಕೊನೆಗೆ ಭಕ್ತರು ಒಪ್ಪಿಸಿದ ಕಾಣಿಕೆಯೇ ಆ ದೊಡ್ಡ ಸಂಸಾರಕ್ಕೆ ಆಧಾರವಾಗಿದ್ದಿತು. ಕಾಣಿಕೆ ಬಂದ ದಿನ ಮನೆಯಲ್ಲಿ ನೆಮ್ಮದಿ, ಬಾರದ ದಿನ ತಾಯಿಯ ಚಾತುರ್ಯವೇ ಗತಿ. ಇಂಥ ಮನೆಯಲ್ಲಿ ಬೆಳೆದ ಬಾಲಕನಿಗೆ ಬಡತನವೆಂದರೇನೆಂಬುದನ್ನು ಯಾರೂ ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ಬಾಲಕನು ಮೊದಲು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿ, ಆಮೇಲೆ ಇಂಗ್ಲಿಷ್ ಶಾಲೆಯನ್ನು ಸೇರಿದನು. 1879ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಯಾಗದ ಮ್ಯೂರ್ ಸೆಂಟ್ರಲ್ ಕಾಲೇಜನ್ನು ಪ್ರವೇಶಿಸಿದನು. ಮನೆಯ ಕಷ್ಟವನ್ನು ಅರಿತ ಅಲ್ಲಿಯ ಪ್ರಾಂಶುಪಾಲರಾದ ಹ್ಯಾರಿಸನ್ ಎಂಬವರು ವಿದ್ಯಾರ್ಥಿವೇತನವನ್ನು ದೊರಕಿಸಿಕೊಟ್ಟರು. ಅದಿಲ್ಲದಿದ್ದರೆ ಆ ಓದು ನಡುದಾರಿಯಲ್ಲಿಯೇ ನಿಲ್ಲುತ್ತಿದ್ದಿತು. ಅಂದು ಪ್ರಯಾಗದಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. ಆದುದರಿಂದ 1884ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದರು.

ಮುಂದೆ ಸಂಸ್ಕೃತದಲ್ಲಿ ಎಂ.ಎ. ಓದಬೇಕು, ತಂದೆಯಂತೆ ಧರ್ಮಪ್ರವಚನ ಮಾಡುತ್ತ ಬಾಳಬೇಕು ಎಂಬುದು ತರುಣನ ಹಂಬಲ. ಆದರೆ ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಿದ್ದುವು, ದುಡಿಯುವ ಕೈಗಳು ಕಡಿಮೆಯಿದ್ದುವು. ಊರಿನ ಸರಕಾರಿ ಶಾಲೆಯಲ್ಲಿ ಒಂದು ಉಪಾಧ್ಯಾಯರ ಸ್ಥಾನ ತೆರವಾದಾಗ ಅವರು ಅದನ್ನು ಬಯಸಲಿಲ್ಲ. ತಾಯಿ ಮಗನ ಮುಂದೆ ಬಂದು ನಿಂತರು. ಬಾಯಿಂದ ಹೆಚ್ಚೇನೂ ಆಡಲಿಲ್ಲ. ಕಣ್ಣು ತುಂಬಿ ಬಂದಿದ್ದಿತು. ಆ ಕಣ್ಣೀರನ್ನು ಕಂಡ ಮಗನು ತನ್ನ ಹಂಬಲವನ್ನು ಬದಿಗಿರಿಸಿ ತಿಂಗಳಿಗೆ 40 ರೂಪಾಯಿ ಸಂಬಳದ ಆ ಕೆಲಸಕ್ಕೆ ಒಪ್ಪಿದನು. ಓದುವ ಮನಸ್ಸಿದ್ದೂ ಅನುಕೂಲವಿಲ್ಲದೆ ಓದನ್ನು ಬಿಡಬೇಕಾದ ನೋವು ಎಂಥದೆಂಬುದು ಹೀಗೆ ಅವರ ಎದೆಯಲ್ಲಿ ಅಚ್ಚೊತ್ತಿ ನಿಂತಿತು.

1886ರಲ್ಲಿ ಕಲಕತ್ತೆಯಲ್ಲಿ ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಎರಡನೆಯ ಅಧಿವೇಶನವು ನೆರೆಯಿತು. ಇಪ್ಪತ್ತೈದು ವರ್ಷದ ಈ ಉಪಾಧ್ಯಾಯರು ಅಲ್ಲಿ ಮಾಡಿದ ಭಾಷಣವು ಹಿರಿಯರ ಗಮನವನ್ನು ಸೆಳೆಯಿತು. ಅದನ್ನು ಕೇಳಿದ ಕಾಲಾಕಾಂಕರದ ರಾಜಾ ರಾಮಪಾಲಸಿಂಹರು ತಮ್ಮ ಹಿಂದೀ ಪತ್ರಿಕೆಯ ಸಂಪಾದಕತ್ವವನ್ನು ತಿಂಗಳಿಗೆ 200 ರೂಪಾಯಿ ವೇತನದ ಮೇಲೆ ನೀಡಲು ಮುಂದೆ ಬಂದರು. ರಾಜರಿಗೆ ಮದ್ಯಪಾನದ ಅಭ್ಯಾಸವಿದ್ದಿತು. ಅಮಲೇರಿದ ವೇಳೆಯಲ್ಲಿ ತಮ್ಮನ್ನು ಕರೆಯಿಸಬಾರದೆಂಬ ಕರಾರಿನ ಮೇಲೆ ಮಾಲವೀಯರು ಕೆಲಸವನ್ನು ಒಪ್ಪಿಕೊಂಡರು. ಎರಡೂವರೆ ವರ್ಷ ಪತ್ರಿಕೆಯು ಚೆನ್ನಾಗಿ ನಡೆಯಿತು. ಒಂದು ದಿನ ಆ ಕರಾರು ಮುರಿಯಿತು. ಮಾಲವೀಯರು ಅಂದೇ ಕೆಲಸವನ್ನು ಬಿಟ್ಟರು. ರಾಜರಾದರೂ ತಮ್ಮ ತಪ್ಪನ್ನು ಅರಿತು, ಅವರ ಕಾನೂನಿನ ಓದಿಗೆ ನೆರವಾದುದು ಇಬ್ಬರ ದೊಡ್ಡತನಕ್ಕೂ ಸಾಕ್ಷಿಯಾಗಿದೆ. 1891ರಲ್ಲಿ ಕಾನೂನು ಪದವಿಯನ್ನು ಪಡೆದು, 1893ರಿಂದ ಪ್ರಯಾಗದ ಹೈಕೋರ್ಟಿನಲ್ಲಿ ವಕೀಲಿವೃತ್ತಿಯನ್ನು ಕೈಕೊಂಡರು. ಕೆಲವೇ ವರ್ಷಗಳಲ್ಲಿ ಹೆಸರೂ ಬಂದಿತು, ಹಣವೂ ಬಂದಿತು.

ಇಷ್ಟರಲ್ಲಿ, 1887ರಲ್ಲಿ, ಪ್ರಯಾಗದಲ್ಲಿಯೇ ವಿಶ್ವವಿದ್ಯಾಲಯವು ಸ್ಥಾಪಿತವಾಗಿದ್ದಿತು. ಆದರೆ ಅಂದಿನ ವಿಶ್ವವಿದ್ಯಾಲಯವೆಂದರೆ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿ. 1857ರಲ್ಲಿ ಹುಟ್ಟಿದ ಕಲಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾಲಯಗಳೂ ಅದೇ ಬಗೆಯವು. ಪಾಠ ಹೇಳುವುದು ಕಾಲೇಜಿನ ಹೊಣೆ. ವಿದ್ಯಾರ್ಥಿಯು ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ, ಯಾರ ಸಂಗದಲ್ಲಿ ಬೆಳೆಯುತ್ತಾನೆ ಎಂಬುದು ಯಾರ ಹೊಣೆಯೂ ಅಲ್ಲ. ಹಳ್ಳಿಗಳಿಂದಲೂ ದೂರದ ಜಿಲ್ಲೆಗಳಿಂದಲೂ ಬಂದ ಹುಡುಗರು ಊರಿನ ಓಣಿಗಳಲ್ಲಿ ಗಾಳಿಬೆಳಕಿಲ್ಲದ ಕೋಣೆಗಳನ್ನು ಬಾಡಿಗೆಗೆ ಹಿಡಿದು, ತಾವೇ ಒಲೆ ಹೊತ್ತಿಸಿಕೊಂಡು, ಅರೆಹೊಟ್ಟೆಯಲ್ಲಿ ಓದುತ್ತಿದ್ದರು. ಬಂಧುಗಳ ಮನೆಯಲ್ಲಿದ್ದವರದು ಹಂಗಿನ ಊಟ. ಎಷ್ಟೋ ಜನ ಬೇನೆಗೆ ತುತ್ತಾಗಿ, ಇಲ್ಲವೆ ಖರ್ಚಿಗೆ ಅಂಜಿ, ಊರಿಗೆ ಮರಳುತ್ತಿದ್ದರು. ಬುದ್ಧಿಯ ಕೊರತೆಯಿಂದ ನಿಂತ ಓದಿಗಿಂತ ನೆಲೆಯ ಕೊರತೆಯಿಂದ ನಿಂತ ಓದೇ ಹೆಚ್ಚಾಗಿದ್ದಿತೆಂದರೆ ಅತಿಶಯವಲ್ಲ.

ಮಾಲವೀಯರು ಇದನ್ನು ಕಂಡರು; ಕಂಡು ಸುಮ್ಮನಾಗಲಿಲ್ಲ. ಹೈಕೋರ್ಟಿನ ಕೆಲಸದ ನಡುವೆಯೇ ಪ್ರಾಂತದಲ್ಲೆಲ್ಲ ಸಂಚರಿಸಿ, ಜಮೀನ್ದಾರರನ್ನೂ ವರ್ತಕರನ್ನೂ ವಕೀಲರನ್ನೂ ಕಂಡು, ವಿದ್ಯಾರ್ಥಿಗಳಿಗೊಂದು ಮನೆ ಬೇಕೆಂದು ಬೇಡಿದರು. ಹೀಗೆ ಸುಮಾರು 1,30,000 ರೂಪಾಯಿಗಳ ವೆಚ್ಚದಲ್ಲಿ 230 ವಿದ್ಯಾರ್ಥಿಗಳು ವಾಸಿಸಬಹುದಾದ ವಿಶಾಲವಾದ ನಿಲಯವೊಂದು 1903ರಲ್ಲಿ ಪ್ರಯಾಗದಲ್ಲಿ ತಲೆಯೆತ್ತಿ ನಿಂತಿತು. ಪ್ರಾಂತದ ಹಿಂದಿನ ಲೆಫ್ಟಿನೆಂಟ್ ಗವರ್ನರರ ಹೆಸರಿನಿಂದ ಅದನ್ನು ಮ್ಯಾಕ್‌ಡೊನೆಲ್ ಹಿಂದೂ ಬೋರ್ಡಿಂಗ್ ಹೌಸ್ ಎಂದು ಕರೆದರು. ಮುಂದೆ ಅದಕ್ಕೆ ಮಾಲವೀಯರ ಹೆಸರೇ ಸೇರಿಕೊಂಡಿತು. ಒಂದು ಕಾಲೇಜನ್ನು ಕಟ್ಟಿದವರಿಗೆ ಕೀರ್ತಿ ಬರುತ್ತದೆ. ಕಾಲೇಜಿನ ಹುಡುಗರಿಗೆ ಮಲಗುವ ಕೋಣೆ ಕಟ್ಟಿದವರನ್ನು ಜನರು ಬೇಗನೆ ಮರೆಯುತ್ತಾರೆ. ಕೀರ್ತಿ ಹುಟ್ಟದ ಕಡೆಯಲ್ಲಿಯೇ ಮಾಲವೀಯರು ತಮ್ಮ ಮೊದಲ ಇಟ್ಟಿಗೆಯನ್ನು ಇರಿಸಿದರೆಂಬುದು ಗಮನಿಸತಕ್ಕ ಸಂಗತಿ.

ಈ ನಿಲಯದ ಅನುಭವದಿಂದ ಅವರಿಗೆ ಇನ್ನೊಂದು ಅರಿವು ಬಂದಿತು. ವಿದ್ಯಾರ್ಥಿಯು ತರಗತಿಯಲ್ಲಿ ಕಳೆಯುವುದು ದಿನದ ಐದಾರು ತಾಸು. ಮಿಕ್ಕ ಹದಿನೆಂಟು ತಾಸೂ ಅವನು ಇರುವುದು ವಸತಿಯಲ್ಲಿ. ಚಾರಿತ್ರ್ಯವು ರೂಪುಗೊಳ್ಳುವುದು ಅಲ್ಲಿ. ಜೊತೆಯವನ ಬೇನೆಯಲ್ಲಿ ನೀರು ಕೊಡುವುದನ್ನು, ತನ್ನ ಸರದಿ ಬರುವವರೆಗೆ ಕಾಯುವುದನ್ನು, ಬೇರೆ ಸೀಮೆಯವನ ನುಡಿಯನ್ನೂ ನಡೆಯನ್ನೂ ಸೈರಿಸುವುದನ್ನು ಯಾವ ಪುಸ್ತಕವೂ ಕಲಿಸಲಾರದು, ಸಹವಾಸವು ಕಲಿಸುತ್ತದೆ. ಪ್ರಾಚೀನ ಗುರುಕುಲದ ಬಲವೂ ಇದರಲ್ಲಿಯೇ ಇದ್ದಿತು. ಆದುದರಿಂದ ಪಾಠವೂ ವಾಸವೂ ಒಂದೇ ಆವರಣದಲ್ಲಿ ಕೂಡಿರುವ ವಿಶ್ವವಿದ್ಯಾಲಯವೊಂದು ಕಾಶಿಯಲ್ಲಿ ಆಗಬೇಕೆಂಬ ಸಂಕಲ್ಪವು ಅವರಲ್ಲಿ ಬಲಿಯಿತು.

1904ರಲ್ಲಿ ಕಾಶಿಯ ಮಹಾರಾಜರಾದ ಪ್ರಭುನಾರಾಯಣಸಿಂಹರ ಅಧ್ಯಕ್ಷತೆಯಲ್ಲಿ ನಡೆದ ಸಭೆಯಲ್ಲಿ ಈ ಯೋಜನೆಯನ್ನು ಮುಂದಿಟ್ಟರು. 1905ರ ಕೊನೆಗೆ ಕಾಂಗ್ರೆಸ್ಸು ಕಾಶಿಯಲ್ಲಿ ನೆರೆದಾಗಲೂ, 1906ರ ಆರಂಭದಲ್ಲಿ ಪ್ರಯಾಗದ ಕುಂಭಮೇಳದಲ್ಲಿಯೂ ಅದನ್ನು ಜನರಿಗೆ ತಿಳಿಸಿದರು. ಕೇಳಿದವರಲ್ಲಿ ತಲೆದೂಗಿದವರಿದ್ದರು; ಇದು ಆಗಿಹೋಗುವ ಮಾತಲ್ಲವೆಂದು ಒಳಗೊಳಗೇ ನಕ್ಕವರೂ ಇದ್ದರು. ಕಾಶಿಯಲ್ಲಿ ಆನಿ ಬೆಸೆಂಟರು 1898ರಲ್ಲಿಯೇ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿದ್ದರು. 1911ರಲ್ಲಿ ಆ ಸಾಧ್ವಿಯೂ ದರ್ಭಂಗದ ಮಹಾರಾಜರೂ ಮಾಲವೀಯರೊಡನೆ ಕೈಗೂಡಿಸಿದರು. ಬೇರೆಬೇರೆ ಹಾದಿಯವರು ಒಂದೇ ಕಾರ್ಯಕ್ಕೆ ಹೆಗಲು ಕೊಟ್ಟರು.

ಆ ಹೊತ್ತಿಗೆ ಮಾಲವೀಯರಿಗೆ ಐವತ್ತು ವರ್ಷ. ವಕೀಲಿಯಲ್ಲಿ ತಿಂಗಳಿಗೆ ಸಾವಿರಾರು ರೂಪಾಯಿ ಬರುವ ಕಾಲ. ಅವರು ಆ ವೃತ್ತಿಯನ್ನು ಬಿಟ್ಟುಬಿಟ್ಟರು. ಬಡವನಾಗಿ ಹುಟ್ಟಿ ಬಡವನಾಗಿಯೇ ಉಳಿಯುವುದು ವಿಧಿ. ಬಡತನದಿಂದ ಮೇಲೆದ್ದು, ಸಿರಿಯ ಹೊಸ್ತಿಲಲ್ಲಿ ನಿಂತು, ಮತ್ತೆ ತಾನಾಗಿ ಜೋಳಿಗೆ ಹಿಡಿಯುವುದು ತ್ಯಾಗ. ಬಿಳಿಯ ರುಮಾಲು, ಬಿಳಿಯ ಅಂಗಿ, ಹೆಗಲ ಮೇಲೆ ಮಡಿಸಿದ ಬಿಳಿಯ ಉತ್ತರೀಯ, ಹಣೆಯಲ್ಲಿ ಗಂಧ. ಈ ವೇಷದಲ್ಲಿ ಅವರು ಪೇಶಾವರದ ದಿಕ್ಕಿನಿಂದ ದಕ್ಷಿಣದವರೆಗೆ ದೇಶವನ್ನು ಸುತ್ತಿದರು. ರಾಜರ ಆಸ್ಥಾನದಲ್ಲಿ ಬೇಡಿದರು, ವರ್ತಕರ ಅಂಗಡಿಯಲ್ಲಿ ಬೇಡಿದರು, ಬಡವರ ಸಭೆಯಲ್ಲಿಯೂ ಬೇಡಿದರು. ರಾಜನ ಲಕ್ಷವನ್ನೂ ಕೂಲಿಯವನ ಕಾಸನ್ನೂ ಒಂದೇ ಆದರದಿಂದ ಕೈಯೊಡ್ಡಿ ಸ್ವೀಕರಿಸಿದರು. ಭಿಕ್ಷುಕರ ರಾಜನೆಂಬ ಬಿರುದು ಅವರಿಗೆ ಬಂದುದು ಈ ಸಂಚಾರದಿಂದ. ಕಾಲಕ್ರಮದಲ್ಲಿ ಕೂಡಿದ ಹಣವು ಒಂದು ಕೋಟಿ ರೂಪಾಯಿಗಳನ್ನು ಮೀರಿತು. ಅದರಲ್ಲಿ ತಮಗಾಗಿ ಎಂದು ಒಂದು ದುಡ್ಡೂ ಇರಲಿಲ್ಲವಾದುದರಿಂದಲೇ ಕೊಟ್ಟವರ ಕೈಗಳು ಹಿಂಜರಿಯಲಿಲ್ಲ. ಬೇಡಿದುದು ತನಗಾದರೆ ಅದು ದೈನ್ಯ, ಪರರಿಗಾದರೆ ಅದು ದಾಸೋಹದ ಮೊದಲ ಮೆಟ್ಟಿಲು ಎಂಬುದನ್ನು ಶರಣಮಾರ್ಗದ ಗೃಹಸ್ಥರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

1915ರ ಅಕ್ಟೋಬರಿನಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾಲಯದ ಕಾಯದೆಯು ಅಂಗೀಕಾರವಾಯಿತು. ಬೋಧನೆಯೂ ವಸತಿಯೂ ಕೂಡಿದ ವಿಶ್ವವಿದ್ಯಾಲಯವೆಂದು ಆ ಕಾಯದೆಯೇ ಅದನ್ನು ಹೆಸರಿಸಿತು. 1916ರ ಫೆಬ್ರವರಿ 4ರಂದು ವೈಸರಾಯ್ ಹಾರ್ಡಿಂಜರು ಅಸ್ತಿಭಾರವನ್ನಿರಿಸಿದರು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಮೊದಲ ಕುಲಪತಿಗಳಾದರು. ಅದೇ 1916ರ ಜುಲೈ ತಿಂಗಳಲ್ಲಿ ತಮ್ಮ ಸಂಸ್ಥಾನದಲ್ಲಿಯೂ ಅವರು ಮೈಸೂರು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದುದನ್ನು ಇಲ್ಲಿ ನೆನೆಯಬಹುದು. ಕಾಶಿಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಅಲ್ಲಿಯ ಜಂಗಮವಾಡಿ ಮಠದಲ್ಲಿ ಆಶ್ರಯ ಪಡೆದು ಶಾಸ್ತ್ರಗಳನ್ನು ಓದಿದ ಕನ್ನಡ ನಾಡಿನ ವಟುಗಳು ತಲೆತಲೆಮಾರಿನಿಂದ ಇದ್ದಾರೆ. ದೂರದಿಂದ ಬಂದ ವಿದ್ಯಾರ್ಥಿಗೆ ನೆಲೆ ಕೊಡುವುದು ಆ ಕ್ಷೇತ್ರದ ಹಳೆಯ ಧರ್ಮ. ಆ ಧರ್ಮವನ್ನೇ ಮಾಲವೀಯರು ಹೊಸ ಕಾಲದ ಅಳತೆಯಲ್ಲಿ ವಿಸ್ತರಿಸಿದರು.

ಕಾಶೀನರೇಶರು ಕೊಟ್ಟ ಸುಮಾರು 1,300 ಎಕರೆ ಭೂಮಿಯಲ್ಲಿ ವಿಶ್ವವಿದ್ಯಾಲಯದ ಊರು ಅರ್ಧಚಂದ್ರಾಕಾರವಾಗಿ ಹಬ್ಬಿತು. ಒಂದು ಸಾಲಿನಲ್ಲಿ ಪಾಠದ ಭವನಗಳು, ಇನ್ನೊಂದು ಸಾಲಿನಲ್ಲಿ ವಿದ್ಯಾರ್ಥಿನಿಲಯಗಳು, ಅವುಗಳಾಚೆ ಅಧ್ಯಾಪಕರ ಮನೆಗಳು, ನಡುನಡುವೆ ಆಟದ ಬಯಲುಗಳು, ರಸ್ತೆಯ ಎರಡು ಬದಿಗೂ ಮರಗಳು. ವಿದ್ಯಾರ್ಥಿಯು ತನ್ನ ಕೊಠಡಿಯಿಂದ ಹೊರಟರೆ ಆಟದ ಬಯಲನ್ನು ದಾಟಿ ತರಗತಿಗೆ ಹೋಗಬೇಕು. ಸಂಜೆ ಗುರುವಿನ ಮನೆಯೂ ನಡಿಗೆಯ ದೂರದಲ್ಲಿಯೇ ಇರಬೇಕು. ಇದು ನಕ್ಷೆ ಬರೆಯುವವನ ಚಮತ್ಕಾರವಲ್ಲ. ಗುರುಶಿಷ್ಯರು ಒಂದೇ ಊರಿನವರಾಗಿ ಬಾಳಬೇಕೆಂಬ ಭಾವನೆಯು ಕಲ್ಲುಗಾರೆಗಳಲ್ಲಿ ಮೂಡಿದುದು. ಬಿರ್ಲಾ, ಬ್ರೋಚಾ, ರುಯಿಯಾ, ಲಿಂಬ್ಡಿ, ಮೋರ್ವಿ, ರಾಜಪುತಾನಾ, ಧನರಾಜಗಿರಿ ಎಂಬ ನಿಲಯಗಳ ಹೆಸರುಗಳನ್ನು ಓದಿದರೆ ಮಾಲವೀಯರ ಜೋಳಿಗೆಯು ಎಲ್ಲೆಲ್ಲಿಗೆ ಹೋಗಿದ್ದಿತೆಂಬುದು ತಿಳಿಯುತ್ತದೆ. 1921ರ ಡಿಸೆಂಬರಿನಲ್ಲಿ ಹೊಸ ಕಟ್ಟಡಗಳ ಪ್ರಾರಂಭೋತ್ಸವವಾಯಿತು. 1929ರಲ್ಲಿ ಮಹಿಳಾ ಮಹಾವಿದ್ಯಾಲಯವು ತೆರೆಯಿತು. ಹೆಣ್ಣುಮಗಳನ್ನು ಹೊಸ್ತಿಲು ದಾಟಿಸಲು ಮನೆಗಳು ಅಂಜುತ್ತಿದ್ದ ಆ ಕಾಲದಲ್ಲಿ, ಭದ್ರವಾದ ವಸತಿಯೊಂದು ಇದೆಯೆಂಬ ಭರವಸೆಯೇ ಎಷ್ಟೋ ತಂದೆತಾಯಿಗಳ ಮನಸ್ಸನ್ನು ತಿರುಗಿಸಿತು.

1919ರಿಂದ 1938ರವರೆಗೆ ಮಾಲವೀಯರೇ ಉಪಕುಲಪತಿಗಳಾಗಿದ್ದರು. ಭಾನುವಾರಗಳಲ್ಲಿ ಗೀತೆಯನ್ನು ಪ್ರವಚನ ಮಾಡುವರು. ಹುಡುಗರು ವ್ಯಾಯಾಮ ಮಾಡುತ್ತಾರೆಯೇ, ಹಾಲು ಕುಡಿಯುತ್ತಾರೆಯೇ ಎಂದು ವಿಚಾರಿಸುವರು. ಶುಲ್ಕ ತರಲಾರದೆ ಬಾಗಿಲಲ್ಲಿ ನಿಂತವನನ್ನು ಬರಿಗೈಯಲ್ಲಿ ಕಳುಹುವುದು ಅವರಿಂದ ಆಗುತ್ತಿರಲಿಲ್ಲ. ಮ್ಯೂರ್ ಕಾಲೇಜಿನ ಹಳೆಯ ವಿದ್ಯಾರ್ಥಿವೇತನವನ್ನು ಅವರು ಮರೆತಿರಲಿಲ್ಲವೆಂದೇ ತೋರುತ್ತದೆ.

ಆದರೆ ಇಷ್ಟು ದೊಡ್ಡ ಮನೆಯನ್ನು ಕಟ್ಟಿದವರಿಗೆ ಪರೀಕ್ಷೆಗಳು ತಪ್ಪಲಿಲ್ಲ. ಮೊದಲ ಪರೀಕ್ಷೆಯು 1920ರಲ್ಲಿ ಬಂದಿತು. ಸರಕಾರದ ನೆರವು ಪಡೆದ ಶಾಲಾಕಾಲೇಜುಗಳನ್ನು ವಿದ್ಯಾರ್ಥಿಗಳು ತ್ಯಜಿಸಬೇಕೆಂದು ಗಾಂಧೀಜಿಯವರು ಅಸಹಕಾರದ ಕರೆ ಕೊಟ್ಟರು. ಮಾಲವೀಯರು ದೇಶಭಕ್ತಿಯಲ್ಲಿ ಯಾರಿಗೂ ಕಡಿಮೆಯವರಲ್ಲ. 1909ರಲ್ಲಿಯೂ 1918ರಲ್ಲಿಯೂ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ರೌಲಟ್ ಕಾಯದೆಯನ್ನು ಪ್ರತಿಭಟಿಸಿ 1919ರಲ್ಲಿ ಶಾಸನಸಭೆಯ ಸ್ಥಾನವನ್ನು ಬಿಟ್ಟುಕೊಟ್ಟವರು. ಆದರೂ ತುಂಬಿದ ವಿದ್ಯಾರ್ಥಿನಿಲಯಗಳನ್ನು ಬರಿದುಮಾಡುವುದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಹುಡುಗರನ್ನು ಹೊರಗೆ ಕರೆದ ಮೇಲೆ ಅವರಿಗೆ ನೆಲೆ ಎಲ್ಲಿ, ಓದು ಎಲ್ಲಿ ಎಂಬುದು ಅವರ ಪ್ರಶ್ನೆಯಾಗಿದ್ದಿತು. ಆ ವರ್ಷದ ನವೆಂಬರಿನಲ್ಲಿ ಗಾಂಧೀಜಿಯವರು ಕಾಶಿಗೆ ಬಂದು ವಿದ್ಯಾರ್ಥಿಗಳೊಡನೆ ಮಾತನಾಡಿದಾಗ ಮಾಲವೀಯರು ತಡೆಯಲಿಲ್ಲ. ತಮ್ಮ ಅಭಿಪ್ರಾಯವನ್ನೂ ಮರೆಮಾಚಲಿಲ್ಲ. ಆಚಾರ್ಯ ಕೃಪಲಾನಿಯವರಂಥ ಅಧ್ಯಾಪಕರೂ ಕೆಲವು ವಿದ್ಯಾರ್ಥಿಗಳೂ ಹೊರನಡೆದರು. ಅಂಥವರಿಗಾಗಿ 1921ರ ಫೆಬ್ರವರಿಯಲ್ಲಿ ಕಾಶೀ ವಿದ್ಯಾಪೀಠವು ಹುಟ್ಟಿತು. ಮಾಲವೀಯರು ಯಾರನ್ನೂ ಹಗೆಯಾಗಿ ಕಾಣಲಿಲ್ಲ; ತಮ್ಮ ಬಾಗಿಲನ್ನೂ ಮುಚ್ಚಲಿಲ್ಲ. ಗಾಂಧೀಜಿಯವರೊಡನೆ ಅವರ ಸ್ನೇಹವು ಕೊನೆಯವರೆಗೂ ಕುಂದಲಿಲ್ಲ. ಚೌರಿಚೌರಾ ಪ್ರಕರಣದಲ್ಲಿ 172 ಜನರಿಗೆ ಮರಣದಂಡನೆಯಾದಾಗ, ಎಂದೋ ಬಿಟ್ಟಿದ್ದ ವಕೀಲಿಯ ನಿಲುವಂಗಿಯನ್ನು ಮತ್ತೆ ತೊಟ್ಟು ಹೈಕೋರ್ಟಿನಲ್ಲಿ ಅವರಿಗಾಗಿ ವಾದಿಸಿದರು. 1923ರ ತೀರ್ಪಿನಲ್ಲಿ ಮರಣದಂಡನೆಯು 19 ಜನರಿಗೆ ಮಾತ್ರ ಉಳಿದು, ಮಿಕ್ಕವರ ಪ್ರಾಣವು ಉಳಿಯಿತು.

ಎರಡನೆಯ ಪರೀಕ್ಷೆಯು ಇದಕ್ಕಿಂತ ಕಠಿಣವಾದುದು. ಅದು ಹೊರಗಿನಿಂದ ಬರದೆ ಮನೆಯೊಳಗಿಂದಲೇ ಬಂದಿತು. ಮಾಲವೀಯರು ಆಚಾರನಿಷ್ಠರು. ಊಟೋಪಚಾರದಲ್ಲಿ ತಮ್ಮ ಕುಲದ ಕಟ್ಟಳೆಯನ್ನು ಬಿಟ್ಟವರಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದಾಗಲೂ ಗಂಗೋದಕವನ್ನು ಜೊತೆಗೆ ಒಯ್ದವರು. ವರ್ಣಾಶ್ರಮದಲ್ಲಿ ಅವರಿಗೆ ನಂಬುಗೆಯಿದ್ದಿತು. ಆದರೆ ಯೋಗ್ಯತೆಯುಳ್ಳ ಬಾಲಕನನ್ನು ಕಂಡರೆ ಅವರ ಹೃದಯವು ಜಾತಿಯನ್ನು ಕೇಳುತ್ತಿರಲಿಲ್ಲ. 1925ರಲ್ಲಿ ಬಿಹಾರದ ಆರಾ ಪಟ್ಟಣಕ್ಕೆ ಹೋಗಿದ್ದಾಗ ಅಲ್ಲಿಯ ಶಾಲೆಯ ಹುಡುಗನೊಬ್ಬನು ಸ್ವಾಗತಭಾಷಣವನ್ನು ಮಾಡಿದನು. ಅದನ್ನು ಮೆಚ್ಚಿ, ಕಾಶಿಗೆ ಬಂದು ಓದೆಂದು ಮಾಲವೀಯರು ಅವನನ್ನು ಕರೆದರು. ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಕುಲದಲ್ಲಿ ಹುಟ್ಟಿದ ಆ ಬಾಲಕನೇ ಮುಂದೆ ಸ್ವತಂತ್ರ ಭಾರತದ ಮಂತ್ರಿಮಂಡಲದಲ್ಲಿ ಬಹುಕಾಲ ಸೇವೆ ಸಲ್ಲಿಸಿ ಉಪಪ್ರಧಾನಿಯೂ ಆದ ಜಗಜೀವನರಾಮರು.

ಜಗಜೀವನರಾಮರು 1927ರಲ್ಲಿ ಕಾಶಿಗೆ ಬಂದರು. ವಿಶ್ವವಿದ್ಯಾಲಯವು ಸೇರಿಸಿಕೊಂಡಿತು, ಬಿರ್ಲಾ ವಿದ್ಯಾರ್ಥಿವೇತನವೂ ದೊರೆಯಿತು, ಕೊಠಡಿಯೂ ದೊರೆಯಿತು. ಆದರೆ ನಿಲಯದ ಭೋಜನಶಾಲೆಯಲ್ಲಿ ಅವರಿಗೆ ಅನ್ನ ಬಡಿಸುವ ಕೈಗಳು ಮುಂದೆ ಬರಲಿಲ್ಲ. ಊರಿನ ಕ್ಷೌರಿಕರು ಕೂದಲು ಕತ್ತರಿಸಲು ಒಲ್ಲೆನೆಂದರು. ಗಾಜೀಪುರದಿಂದ ಅವರ ಸಮಾಜದವನೇ ಒಬ್ಬನು ಆಗಾಗ ಬಂದು ಆ ಕೆಲಸ ಮಾಡಬೇಕಾಯಿತು. ಆ ಅಪಮಾನವನ್ನು ಎದುರಿಸುತ್ತಲೇ ಅವರು ಇಂಟರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದಿನ ಓದಿಗೆ ಕಲಕತ್ತೆಗೆ ಹೊರಟುಹೋದರು. ದೇಶದ ಮೂಲೆಮೂಲೆಯಿಂದ ಬೇಡಿ ತಂದ ಇಟ್ಟಿಗೆಗಳಿಂದ ಕಟ್ಟಿದ ಮನೆಯಲ್ಲಿ, ಸ್ವತಃ ಮನೆಯ ಯಜಮಾನರೇ ಕರೆತಂದ ಬಾಲಕನಿಗೆ ಪಂಕ್ತಿಯಲ್ಲಿ ಎಡೆಯಿಲ್ಲವಾಯಿತು. ಮಾಲವೀಯರ ಜೀವನವನ್ನು ಹೇಳುವವರು ಈ ಸಂಗತಿಯನ್ನು ಮರೆಯಿಸಬಾರದು. ಮರೆಯಿಸಿದರೆ ಅವರ ಹಿರಿಮೆಗೂ ಸತ್ಯಕ್ಕೂ ಅಪಚಾರವಾಗುತ್ತದೆ. ಸೂರು ಕಟ್ಟುವುದಕ್ಕೆ ಹಣ ಸಾಕು. ಪಂಕ್ತಿಯನ್ನು ಒಂದುಮಾಡುವುದಕ್ಕೆ ಹಣ ಸಾಲದು. ಅದಕ್ಕೆ ಉಣ್ಣುವವನ, ಬಡಿಸುವವನ, ಆಳುವವನ ಮನಸ್ಸುಗಳು ಬದಲಾಗಬೇಕು. ಹನ್ನೆರಡನೆಯ ಶತಮಾನದ ಶರಣರು ಸಹಪಂಕ್ತಿಯನ್ನು ಬರಿಯ ಊಟದ ವ್ಯವಸ್ಥೆಯೆಂದು ಕಾಣದೆ ಧರ್ಮದ ಹೃದಯವೆಂದು ಕಂಡುದರ ಅರ್ಥವು ಇಂಥ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ.

ಮಾಲವೀಯರ ಮನಸ್ಸಾದರೂ ನಿಂತಲ್ಲಿಯೇ ನಿಲ್ಲಲಿಲ್ಲ. ಕಾಶಿಯ ದಶಾಶ್ವಮೇಧ ಘಟ್ಟದಲ್ಲಿ ಕುಳಿತು, ಸಂಪ್ರದಾಯಸ್ಥರ ವಿರೋಧವನ್ನು ಲಕ್ಷಿಸದೆ, ಅಂತ್ಯಜರೆನಿಸಿಕೊಂಡವರಿಗೆ ಶಿವಪಂಚಾಕ್ಷರಿಯೇ ಮೊದಲಾದ ಮಂತ್ರಗಳ ದೀಕ್ಷೆಯನ್ನು ಕೊಟ್ಟರು. ಅವರ ಹಳೆಯ ಗೆಳೆಯರಾದ ಪಂಡಿತರಲ್ಲಿಯೇ ಅನೇಕರು ಇದನ್ನು ಅಧರ್ಮವೆಂದು ಖಂಡಿಸಿದರು. 1932ರ ಸೆಪ್ಟೆಂಬರ್ 24ರ ಪುಣೆಯ ಒಪ್ಪಂದದಲ್ಲಿ ಒಂದು ಪಕ್ಷದಲ್ಲಿ ಡಾಕ್ಟರ್ ಅಂಬೇಡ್ಕರರೂ ಇನ್ನೊಂದು ಪಕ್ಷದಲ್ಲಿ ಮಾಲವೀಯರೂ ರುಜು ಹಾಕಿದರು. ಅದೇ ತಿಂಗಳ ಕೊನೆಗೆ ಮುಂಬಯಿಯಲ್ಲಿ ಅಸ್ಪೃಶ್ಯತಾ ನಿವಾರಣೆಗಾಗಿ ಅಖಿಲ ಭಾರತ ಸಂಘವು ಹುಟ್ಟಿದ ಸಭೆಗೆ ಅವರೇ ಅಧ್ಯಕ್ಷರು. ಎಪ್ಪತ್ತು ವರ್ಷದ ಆಚಾರನಿಷ್ಠರೊಬ್ಬರು ತಮ್ಮ ಹುಟ್ಟಿನ ಸಂಸ್ಕಾರದೊಡನೆ ತಾವೇ ಸೆಣಸುತ್ತ ಒಂದೊಂದೇ ಹೆಜ್ಜೆ ಮುಂದಿಟ್ಟರು. ಹೆಜ್ಜೆಗಳು ನಿಧಾನವಾಗಿದ್ದುವು, ಕೆಲವು ಕಡೆ ನಿಂತೂ ಹೋದುವು. ಶರಣರು ಒಂದೇ ನೆಗೆತಕ್ಕೆ ದಾಟಿದ ಹಳ್ಳವನ್ನು ಅವರು ಮೆಲ್ಲಮೆಲ್ಲನೆ ತುಂಬುತ್ತ ದಾಟಲು ಯತ್ನಿಸಿದರು. ಆದರೆ ಮುಖವು ಯಾವ ದಿಕ್ಕಿಗೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ.

1939ರಲ್ಲಿ ಡಾಕ್ಟರ್ ರಾಧಾಕೃಷ್ಣನ್ನರು ಉಪಕುಲಪತಿಗಳಾದರು. ವೃದ್ಧರಾದ ಮಾಲವೀಯರು ವಿಶ್ವವಿದ್ಯಾಲಯದ ಆವರಣದಲ್ಲಿಯೇ ಉಳಿದರು. 1942ರ ಜನವರಿಯಲ್ಲಿ ರಜತಮಹೋತ್ಸವವು ವಿಜೃಂಭಣೆಯಿಂದ ನಡೆಯಿತು, ಗಾಂಧೀಜಿಯವರೂ ಬಂದಿದ್ದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಕ್ವಿಟ್ ಇಂಡಿಯಾ ಚಳವಳಿಯು ಎದ್ದಾಗ ಕಾಶಿಯ ವಿದ್ಯಾರ್ಥಿಗಳು ಮುಂಚೂಣಿಯಲ್ಲಿದ್ದರು. ಪೊಲೀಸರೂ ಸೈನಿಕರೂ ಆವರಣವನ್ನು ಹೊಕ್ಕರು. ವಿದ್ಯಾರ್ಥಿಗಳು ಹಾಸಿಗೆ ಪುಸ್ತಕಗಳನ್ನು ಕಟ್ಟಿಕೊಂಡು ನಿಲಯಗಳನ್ನು ತೆರವು ಮಾಡಬೇಕಾಯಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಗಾಂಧೀಜಿಯವರ ಕರೆಗೂ ಬರಿದಾಗದಿದ್ದ ಮನೆಗಳು ಸರಕಾರದ ಬಲಾತ್ಕಾರದಿಂದ ಬರಿದಾದುವು. ಎಂಬತ್ತು ವರ್ಷದ ಮಾಲವೀಯರು ಅದನ್ನೂ ಕಾಣಬೇಕಾಯಿತು. ಕಾಲ ತಿಳಿಯಾದ ಮೇಲೆ ಹುಡುಗರು ಮರಳಿ ಬಂದರು. ನಿಲಯಗಳಲ್ಲಿ ಮತ್ತೆ ದೀಪಗಳು ಹೊತ್ತಿದುವು.

1946ರ ನವೆಂಬರ್ 12ರಂದು ಮಾಲವೀಯರು ಕಾಶಿಯಲ್ಲಿ ದೇಹವನ್ನು ಬಿಟ್ಟರು. ದೇಶದ ಸ್ವಾತಂತ್ರ್ಯಕ್ಕೆ ಇನ್ನು ಒಂಬತ್ತು ತಿಂಗಳು ಮಾತ್ರ ಉಳಿದಿದ್ದಿತು. 1931ರಲ್ಲಿ ಆವರಣದಲ್ಲಿ ಅಸ್ತಿಭಾರ ಹಾಕಿದ ವಿಶ್ವನಾಥ ಮಂದಿರವು ಪೂರ್ಣವಾದುದನ್ನೂ ಅವರು ಕಾಣಲಿಲ್ಲ; ಅದು 1966ರಲ್ಲಿ ಮುಗಿಯಿತು. ದೇವರ ಮನೆಯು ಕಾದಿದ್ದಿತು. ವಿದ್ಯಾರ್ಥಿಗಳ ಮನೆಗಳು ಎಂದೋ ತುಂಬಿದ್ದುವು. ಈ ಕ್ರಮದಲ್ಲಿಯೇ ಅವರ ಬಾಳಿನ ತಿರುಳನ್ನು ಕಾಣಬಹುದು. 2014ರಲ್ಲಿ ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಭಾರತರತ್ನವನ್ನು ಘೋಷಿಸಿತು. ಅವರು ಕಟ್ಟಿದ ಆವರಣದಲ್ಲಿ ಇಂದು ಸುಮಾರು 30,000 ವಿದ್ಯಾರ್ಥಿಗಳು ಓದುತ್ತಾರೆ. ಲಿಂಬ್ಡಿ, ಮೋರ್ವಿ, ರಾಜಪುತಾನಾ ನಿಲಯಗಳಲ್ಲಿ ಎಂಜಿನಿಯರಿಂಗ್ ಓದುವವರು ವಾಸಿಸುತ್ತಾರೆ. ಹೆಸರು ಕೆತ್ತಿದ ಕಲ್ಲನ್ನು ಅವರು ಓದುತ್ತಾರೋ ಇಲ್ಲವೋ, ಮಲಗಿ ಏಳುವುದು ಯಾರೋ ಕೊಟ್ಟ ದಾನದ ಸೂರಿನಲ್ಲಿಯೇ.

ಗೃಹಸ್ಥರಾದವರು ಈ ಜೀವನದಿಂದ ಎರಡು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಬಹುದು. ಓದುವ ಮಗುವಿಗೆ ಎಡೆ ಕೊಡುವುದು ದೊಡ್ಡವರ, ಧನವಂತರ ಕೆಲಸವೆಂದು ತಿಳಿಯಬಾರದು; 40 ರೂಪಾಯಿಯ ಉಪಾಧ್ಯಾಯನೊಬ್ಬನು ತನ್ನ ನೋವನ್ನು ಮರೆಯದಿದ್ದುದರಿಂದಲೇ ಕೋಟಿಯ ಕಾರ್ಯವಾಯಿತು. ಎಡೆ ಕೊಟ್ಟ ಮೇಲೆ ಆ ಎಡೆಯಲ್ಲಿ ಭೇದವೆಣಿಸಬಾರದು. ಕೊಠಡಿ ಕೊಟ್ಟು ಪಂಕ್ತಿಯನ್ನು ಕೊಡದಿದ್ದರೆ ಕೊಟ್ಟುದು ಅರೆಯಾಗಿಯೇ ಉಳಿಯುತ್ತದೆ. ಮೊದಲನೆಯದನ್ನು ಮಾಲವೀಯರು ಮಾಡಿ ತೋರಿಸಿದರು. ಎರಡನೆಯದನ್ನು ಪೂರ್ಣಮಾಡುವ ಹೊಣೆಯು ಅವರ ಕಾಲಕ್ಕೆ ಮುಗಿಯಲಿಲ್ಲ. ಊರಿನ ಪ್ರಸಾದನಿಲಯಕ್ಕೆ ಒಂದು ಚೀಲ ಜೋಳವನ್ನು ಕಳುಹುವ ಪ್ರತಿಯೊಂದು ಮನೆಯೂ ಆ ಹೊಣೆಯಲ್ಲಿ ಪಾಲುಗೊಂಡಿದೆ.